ಕಾಲ್ಮುಂದಿನ ಕಾಂತರಾಜನ ಬೆನ್ನು

ಕಟ್ಟೆಮಳಲವಾಡಿಯ ಕಾಂತರಾಜು ಈ ಲೋಕಕ್ಕೆ ಬರುವಾಗ ಎಲ್ಲರ ಹಾಗೆ ತಲೆ ಮುಂದೆ ಮಾಡಿಕೊಂಡು ಬರಲಿಲ್ಲ, ಕಾಲು ಮುಂದೆ ಮಾಡಿಕೊಂಡು ಬಂದ. ಇದು ಹುಣಸೂರು ತಾಲೂಕಿಗೆಲ್ಲ ಗೊತ್ತಿದ್ದ ಸಂಗತಿ. ಹಾಗೆ ಹುಟ್ಟಿದವರು ಒದ್ದರೆ ಎಂಥ ಬೆನ್ನಿನ ಉಳುಕೂ ಬಿಟ್ಟುಹೋಗುತ್ತದೆ ಎನ್ನುವುದು ಆ ಸೀಮೆಯ ನಂಬಿಕೆ. ಆದ್ದರಿಂದ ಮೂರು ಎಕರೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರೂ ಅವನನ್ನು ಯಾರೂ ರೈತ ಅನ್ನುತ್ತಿರಲಿಲ್ಲ. ಅವನು ಕಾಲ್ಮುಂದಿನ ಕಾಂತರಾಜು.

ಭಾನುವಾರ ಬೆಳಿಗ್ಗೆ ಅವನ ಮನೆಯ ಮುಂದೆ ಚಾಪೆ ಬಿದ್ದರೆ ಸಾಕು, ಸಾಲು ಶುರುವಾಗುತ್ತಿತ್ತು. ಹೊಗೆಸೊಪ್ಪಿನ ನಾಟಿಗೆ ಇಡೀ ತಾಲೂಕು ಬಗ್ಗುತ್ತದೆ. ನಾಟಿ ಮುಗಿದ ಮೇಲೆ ಅದರಲ್ಲಿ ಅರ್ಧ ತಾಲೂಕು ಏಳುವುದಿಲ್ಲ. ಆಗಿನ ಸಾಲಿನ ತಲೆ ಕಾಂತರಾಜುವಿನ ಜಗಲಿಯಲ್ಲಿದ್ದರೆ ಬಾಲ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿರುತ್ತಿತ್ತು. ಅದು ಬೇರೆ ಊರಲ್ಲವೇ ಎಂದು ಯಾರಾದರೂ ಕೇಳಬಹುದು. ಅಳತೆಯ ವಿಷಯದಲ್ಲಿ ಈ ಕಥೆ ಹೇಳುವವನ ಕೈ ಸ್ವಲ್ಪ ಧಾರಾಳ. ಆದರೆ ಹೇಳುವವನ ಬೆನ್ನೂ ಆ ಚಾಪೆಯ ಮೇಲೆ ಮೂರು ಸಲ ಬಿದ್ದು ಮೂರು ಸಲವೂ ಬಿದ್ದ ಹಾಗೇ ಎದ್ದು ಬಂದಿದೆ. ಮಾತಾಡುವ ಹಕ್ಕು ಇರುವುದು ಅಲ್ಲಿಂದ.

ನೋವಿನವನು ಬೋರಲು ಮಲಗಬೇಕು. ಕಾಂತರಾಜು ಅವನ ಸುತ್ತ ಮೂರು ಸುತ್ತು ಬಂದು, ಎಡಗಾಲ ಮೇಲೆ ನಿಂತು, ಬಲಗಾಲನ್ನು ಆಕಾಶಕ್ಕೆತ್ತಿ ಮೂರು ಒದೆ ಕೊಟ್ಟು "ಏಳು, ನಡಿ" ಅನ್ನುತ್ತಿದ್ದ. ಎದ್ದು ನಡೆದವರು ವಾಸಿಯಾದವರು. ಏಳದವರು ನಂಬಿಕೆ ಸಾಲದವರು. ಹೀಗಾಗಿ ಮೂವತ್ತೈದು ವರ್ಷದಲ್ಲಿ ಅವನ ಒಂದು ಒದೆಯೂ ಸುಳ್ಳಾಗಿರಲಿಲ್ಲ. ಇದಕ್ಕೆ ಅವನು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಹೊಗಳಿಕೆಯೊಂದನ್ನು ಬಿಟ್ಟು. ಅದನ್ನು ಎಷ್ಟು ಕೊಟ್ಟರೂ ಸಾಕು ಅನ್ನುತ್ತಿರಲಿಲ್ಲ.

ಸಾಲು ನೋಡಿಕೊಳ್ಳುತ್ತಿದ್ದವನು ಪಕ್ಕದ ಮನೆಯ ನಂಜಣ್ಣ. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಮೊದಲ ಒದೆ ತಿನ್ನುತ್ತಿದ್ದವನೂ ಅವನೇ. ಕಾಂತರಾಜುವಿನ ಕಾಲಿನ ಬಗ್ಗೆ ಕಾಂತರಾಜುವೇ ಹೇಳಲು ನಾಚಿಕೊಳ್ಳುವಂಥ ಸುಳ್ಳುಗಳನ್ನು ಅವನು ನಾಚಿಕೆಯಿಲ್ಲದೆ ಹೇಳುತ್ತಿದ್ದ. ಒಂದು ಭಾನುವಾರ ಸಾಲು ಕರಗಿದ ಮೇಲೆ ಅವನು ಒಂದು ಸುದ್ದಿ ತಂದ.

"ಹಾರನಹಳ್ಳಿ ಚನ್ನಬಸವಣ್ಣೋರು, ಅಕ್ಕಿ ಗಿರಣಿಯೋರು, ಬರೋ ಭಾನುವಾರ ಬತ್ತಾವ್ರೆ ಕಣ್ಲಾ. ಬೆನ್ನು ಹಿಡ್ಕಂಡು ತಿಂಗ್ಳಾಯ್ತಂತೆ. ನಿನ್ನ ಒದೇಲಿ ವಾಸಿಯಾದ್ರೆ ಇಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿ, ಮ್ಯಾಲೆ ಶೀಟಾಕ್ಸಿ, ನಿನ್ನ ಎಸ್ರು ಬರ್ಸ್‌ತಾರಂತೆ."

ಕಾಂತರಾಜು ಒಂದೇ ಪ್ರಶ್ನೆ ಕೇಳಿದ. "ಅಕ್ಷರ ಎಷ್ಟುದ್ದ?"

"ಗೇಣುದ್ದ."

"ರಸ್ತೆಗೆ ಕಾಣಬೇಕು ಕಣೋ ನಂಜ. ಮೊಳುದ್ದ ಇರ್ಲಿ ಅನ್ನು."

ಮಾರನೆಯ ದಿನ ಸೋಮವಾರ. ಕಾಂತರಾಜು ಹಲ್ಲುಜ್ಜಲು ಹಿತ್ತಿಲಿಗೆ ಹೋದ. ಟೂತ್‌ಪೇಸ್ಟಿನ ಮುಚ್ಚಳ ಕೈಜಾರಿ ಬಿತ್ತು. ಬಗ್ಗಿ ಎತ್ತಿಕೊಂಡ. ಎತ್ತಿಕೊಂಡದ್ದು ಮುಚ್ಚಳ ಮಾತ್ರ, ಅವನು ಮೇಲೇಳಲಿಲ್ಲ. ಸೊಂಟದಲ್ಲಿ ಯಾರೋ ಬಾಗಿಲು ಹಾಕಿ ಅಗಳಿ ಜಡಿದ ಹಾಗಾಯಿತು. ನೂರು ಕೆಜಿ ಹೊಗೆಸೊಪ್ಪಿನ ಬೇಲು ಎತ್ತುವಾಗ ಹೀಗಾಗಿದ್ದರೆ ಮರ್ಯಾದೆ ಇರುತ್ತಿತ್ತು. ಪೇಸ್ಟಿನ ಮುಚ್ಚಳದ ತೂಕ ಎಷ್ಟೆಂದು ನಿಮಗೇ ಗೊತ್ತು.

ಹೆಂಡತಿ ಪ್ರಮೀಳಾ ಮುಸುರೆ ಬಕೆಟ್ ಹಿಡಿದುಕೊಂಡು ಬಂದಳು. ಗಂಡ ನೆಲ ನೋಡುತ್ತ ನಿಂತಿದ್ದ. ಹೋಗಿ ಹಸುವಿಗೆ ಇಟ್ಟು ವಾಪಸು ಬಂದಳು. ಇನ್ನೂ ನೆಲ ನೋಡುತ್ತಲೇ ಇದ್ದ.

"ಏನ್ರೀ ಉಡುಕ್ತಾ ಇದೀರಿ?"

"ಮುಚ್ಚಳ."

"ಮುಚ್ಚಳ ಕೈಲೇ ಅದೆ."

"ಇನ್ನೊಂದು ಮುಚ್ಚಳ."

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಕಾಯಿತು. ಬಕೆಟ್ ಕೆಳಗಿಟ್ಟು, ಗಂಡನನ್ನು ಇದ್ದ ಆಕಾರದಲ್ಲೇ ನಡುಮನೆಗೆ ನಡೆಸಿಕೊಂಡು ಬಂದು ಮಲಗಿಸಿದಳು. ಮಲಗಿದ ಮೇಲೂ ಅವನು ಕುರ್ಚಿಯಲ್ಲಿ ಕೂತವನ ಹಾಗೇ ಇದ್ದ.

"ಯಾರ್ಗೂ ಯೋಳ್ಬ್ಯಾಡ ಕಣೆ. ಒದಿಯೋನ ಬೆನ್ನೇ ಹೋಯ್ತು ಅಂದ್ರೆ ನನ್ನ ಎಸ್ರು ಏನಾಗ್ಬೇಕು?"

"ಎಸ್ರು ಆಮೇಲೆ. ಮೊದ್ಲು ನೆಟ್ಟಗಾಗಿ. ಚುಂಚನಕಟ್ಟೇಲಿ ನಮ್ಮ ಚಿಕ್ಕಪ್ಪಂಗೆ ಹಿಂಗೇ ಆಗಿತ್ತು. ಕೆ.ಆರ್. ನಗರದಲ್ಲಿ ಒಬ್ರು ಬೆನ್ನಿನ ಡಾಕ್ಟ್ರವ್ರೆ. ಸೂಜಿ ಇಲ್ಲ, ಮಾತ್ರೆ ಇಲ್ಲ. ಕೈಯಲ್ಲೇ ಮೂಳೆ ಕೂರಿಸ್ತಾರಂತೆ. ಅದೇನೋ ಕೈರೋಪ್ರಾಕ್ಟಿಕ್ ಅಂತೆ. ಅಲ್ಲಿ ನಿಮ್ಮನ್ನ ಯಾರೂ ಕಾಣ್ರು, ನಡೀರಿ."

ತನ್ನನ್ನು ಯಾರೂ ಕಾಣದ ಊರು ಭೂಮಿಯ ಮೇಲಿದೆ ಎನ್ನುವುದು ಕಾಂತರಾಜುವಿಗೆ ಬೆನ್ನುನೋವಿಗಿಂತ ಹೆಚ್ಚು ನೋವಿನ ಸುದ್ದಿ. ಆದರೂ ಮಂಗಳವಾರ ಹೊರಟ. ಗುರುತು ಸಿಗದಿರಲಿ ಎಂದು ಮಂಕಿ ಕ್ಯಾಪು ಹಾಕಿಕೊಂಡ. ಸುಡುಬಿಸಿಲಲ್ಲಿ ಮಂಕಿ ಕ್ಯಾಪು ಹಾಕಿಕೊಂಡು ಅರ್ಧಕ್ಕೆ ಬಗ್ಗಿ ನಡೆಯುವವನನ್ನು ಹುಣಸೂರಿನಲ್ಲಿ ತಿರುಗಿ ನೋಡದವರು ಇರಲಿಲ್ಲ.

ಕೆ.ಆರ್. ನಗರದ ಆ ಕ್ಲಿನಿಕ್ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿತ್ತು. ಇಪ್ಪತ್ತಾರು ಮೆಟ್ಟಿಲು. ಹತ್ತಿ ಬರುವಷ್ಟರಲ್ಲಿ ಕಾಂತರಾಜು ತನ್ನ ಕುಲದೇವರುಗಳಲ್ಲಿ ಇಪ್ಪತ್ತಾರು ಜನರನ್ನು ನೆನೆದಿದ್ದ. ಮೇಲೆ 'ಶಿವಾನಿ ಕೈರೋಪ್ರಾಕ್ಟಿಕ್ ಕೇಂದ್ರ, ಬೆನ್ನುಮೂಳೆಯ ದೀರ್ಘಕಾಲದ ಆರೋಗ್ಯಕ್ಕೆ' ಎಂದು ಬೋರ್ಡು. ಅದರ ಕೆಳಗೆ ಮೇಜಿನ ಹಿಂದೆ ವಿಭೂತಿ ಹಚ್ಚಿದ ಹಿರಿಯರೊಬ್ಬರು ಹಾಜರಿ ಪುಸ್ತಕ ತೆರೆದುಕೊಂಡು ಕೂತಿದ್ದರು. ಅವರು ಡಾಕ್ಟರ ತಂದೆ ಪ್ರಭುಸ್ವಾಮಿ, ನಿವೃತ್ತ ಹೈಸ್ಕೂಲು ಮೇಷ್ಟರು.

"ಬೆನ್ನು ನೋವಿನೋರ್ನ ಇಷ್ಟು ಮೆಟ್ಲು ಹತ್ತುಸ್ತೀರಲ್ಲ ಸ್ವಾಮಿ" ಅಂದ ಕಾಂತರಾಜು.

"ಹತ್ತೋಕೆ ಆಗದವರು ಆಸ್ಪತ್ರೆಗೆ ಹೋಗಬೇಕಾದವರು. ಹತ್ತಿ ಬಂದವರು ನಮ್ಮವರು. ಇದೇ ಮೊದಲನೇ ಪರೀಕ್ಷೆ. ನೀವು ಪಾಸು. ಹೆಸರು?"

ಕಾಂತರಾಜು ಬಸ್ಸಿನಲ್ಲಿ ಎಲ್ಲವನ್ನೂ ಯೋಚಿಸಿದ್ದ, ಇದೊಂದನ್ನು ಬಿಟ್ಟು. "ಮೂರ್ತಿ."

"ಯಾವೂರು?"

"ಎಚ್.ಡಿ. ಕೋಟೆ."

"ಕೋಟೆಯಲ್ಲಿ ಎಲ್ಲಿ?"

"ಒಳಗಡೆ."

"ಏನು ಕೆಲಸ?"

ಕೋಟೆ ಅಂದರೆ ಕಾಂತರಾಜುವಿಗೆ ನೆನಪಾಗುವುದು ಒಂದೇ. "ಕಾಡು."

"ಕಾಡಲ್ಲಿ ಏನು ಮಾಡ್ತೀರಿ?"

"ನೋಡ್ಕತೀನಿ."

ಪ್ರಭುಸ್ವಾಮಿ 'ಅರಣ್ಯ ಇಲಾಖೆ' ಎಂದು ಮುತ್ತು ಪೋಣಿಸಿದ ಹಾಗೆ ಬರೆದು, ಕನ್ನಡಕದ ಮೇಲಿಂದ ನೋಡಿದರು. "ನೋವು ಬಂದ ಮೇಲೆ ಯಾರ ಹತ್ತಿರನಾದರೂ ಒದೆಸಿಕೊಂಡ್ರಾ?"

"ಇಲ್ಲ ಸ್ವಾಮಿ. ಯಾಕೆ?"

"ಹುಣಸೂರು ಕಡೆ ಅದೊಂದು ಪದ್ಧತಿ ಇದೆ. ಅಲ್ಲಿ ಒದೆಸಿಕೊಂಡು ಇಲ್ಲಿ ಮೆಟ್ಟಿಲು ಹತ್ತುತಾರೆ. ಪಾಪ, ಕಟ್ಟೆಮಳಲವಾಡಿಯ ಕಾಂತರಾಜು ಅಂತ ಒಬ್ಬರು ಏಳು ತಿಂಗಳಿಂದ ಬರ್ತಿದಾರೆ. ನಾಲ್ಕನೇ ಮೂಳೆ."

ಕಾಂತರಾಜುವಿನ ಮಂಕಿ ಕ್ಯಾಪಿನೊಳಗೆ ಬೆವರು ಕಿತ್ತುಕೊಂಡಿತು. "ಯಾವ ಕಾಂತರಾಜು?"

"ಅಲ್ಲಿ ಎಷ್ಟು ಜನ ಇದಾರೋ ನನಗೇನು ಗೊತ್ತು?"

ಕಾಂತರಾಜುವಿಗೆ ಗೊತ್ತಿತ್ತು. ಒಬ್ಬನೇ. ತನಗೊಂದು ಮಾತೂ ಹೇಳದೆ ತನ್ನ ಬೆನ್ನೇ ಏಳು ತಿಂಗಳಿಂದ ಬಸ್ಸು ಹತ್ತಿ ಬಂದು ಹೋಗುತ್ತಿದೆಯೋ ಏನೋ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿಬಿಟ್ಟಿತು.

ಒಳಗೆ ಡಾಕ್ಟರ್ ಶಿವಾನಿ. ಮೂವತ್ತರ ಆಸುಪಾಸಿನ, ರೊಟ್ಟಿ ತಟ್ಟಲೂ ಸಾಲದಷ್ಟು ಪುಟ್ಟ ಕೈಗಳ ಹೆಣ್ಣುಮಗಳು. ಕಾಂತರಾಜುವನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ, ಬೆನ್ನಿನ ಮೇಲೆ ಎರಡು ಬೆರಳು ಓಡಿಸಿದಳು.

"ನೀವು ಫುಟ್‌ಬಾಲ್ ಆಡ್ತೀರಾ?"

"ಇಲ್ಲವ್ವ."

"ನಿಮ್ಮ ಸೊಂಟ ಎಡಕ್ಕೆ ಇಳಿದಿದೆ. ವರ್ಷಗಟ್ಟಲೆ ಎಡಗಾಲ ಮೇಲೆ ನಿಂತು ಬಲಗಾಲಲ್ಲಿ ಏನನ್ನೋ ಒದ್ದಿದೀರಿ. ಬೆನ್ನು ಸುಳ್ಳು ಹೇಳಲ್ಲ."

ಹೊರಗಿನಿಂದ ಪ್ರಭುಸ್ವಾಮಿ ಕೂಗಿ ಹೇಳಿದರು, "ಅರಣ್ಯ ಇಲಾಖೆ ಕಣಮ್ಮ."

"ಕಾಡಲ್ಲಿ ಏನು ಒದೀತೀರಿ?"

ಕಾಂತರಾಜುವಿನ ಬಾಯಿಗೆ ಬಂದದ್ದು ಅದೊಂದೇ. "ಆನೆ."

ಶಿವಾನಿಯ ಬೆರಳು ನಿಂತವು. "ಆನೆ ಒದೀತೀರಾ?"

"ದೊಡ್ಡವನ್ನ ಅಲ್ಲ. ಮರಿಗಳನ್ನ."

ಅವಳು ಅವನನ್ನು ಮಗ್ಗುಲಿಗೆ ಹೊರಳಿಸಿ, ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಇಟ್ಟು ಉಸಿರು ಬಿಡಿ ಅಂದಳು. ಬಿಟ್ಟ. ಲಟಕ್ ಎಂದಿತು. ಆ ಸದ್ದು ಚುಂಚನಕಟ್ಟೆಯ ಅಣೆಕಟ್ಟೆವರೆಗೆ ಕೇಳಿಸಿತೆಂದರೆ ನೀವು ನಂಬುವುದಿಲ್ಲ, ಅದಕ್ಕೇ ನಾನು ಹೇಳುವುದಿಲ್ಲ. ಕಾಂತರಾಜು ಎದ್ದು ನಿಂತ. ಎದುರಿಗೆ ಗೋಡೆ ಕಾಣಿಸಿತು. ಒಂದು ದಿನದಿಂದ ನೆಲವನ್ನೇ ನೋಡಿದ್ದವನಿಗೆ ಗೋಡೆ ಕೂಡ ದೇವರ ಫೋಟೋದ ಹಾಗಿತ್ತು.

"ವಾಸಿಯಾಯ್ತಲ್ಲವ್ವ."

"ವಾಸಿಯಾಗಿಲ್ಲ, ಹಗುರ ಆಗಿದೆ. ಬೆನ್ನು ಒಂದು ದಿನದ ಮಾತಲ್ಲ, ಮೂರ್ತಿ ಅವರೇ. ಹೊಲಕ್ಕೆ ಒಂದೇ ಸಲ ನೀರು ಬಿಟ್ಟು ಸುಮ್ಮನಿರ್ತೀರಾ? ಮುಂದಿನ ವಾರದಿಂದ ವಾರಕ್ಕೊಂದು ಸಲ ಗುರುವಾರ ಬನ್ನಿ, ಆಮೇಲೆ ತಿಂಗಳಿಗೊಂದು ಸಲ."

"ಎಷ್ಟು ದಿನ?"

"ಬೆನ್ನು ಇರೋವರೆಗೆ."

ಆಮೇಲೆ ನಿಯಮ ಹೇಳಿದಳು. ದಿನಾ ಗೋಡೆಗೆ ಬೆನ್ನು ಆನಿಸಿ, ಗದ್ದ ಒಳಕ್ಕೆಳೆದುಕೊಂಡು ನಿಲ್ಲಬೇಕು. ಸೊಂಟದ ಕೆಳಗೆ ಟವೆಲ್ಲು ಸುತ್ತಿಟ್ಟುಕೊಂಡು ಮಲಗಬೇಕು. ಏಳುವಾಗ ದಡಕ್ಕನೆ ಏಳದೆ ಮಗ್ಗುಲಿಗೆ ಹೊರಳಿ, ಕೈ ಊರಿ, ಎಂಟರವರೆಗೆ ಎಣಿಸಿ ಏಳಬೇಕು. ಕೊನೆಯದನ್ನು ಬೆರಳು ತೋರಿಸಿ ಹೇಳಿದಳು. "ಮೂರು ತಿಂಗಳು ಈ ಬಲಗಾಲು ಮೊಣಕಾಲಿಗಿಂತ ಮೇಲೆ ಏಳಬಾರದು. ಆನೆಮರಿನೂ ಬೇಡ."

ಊರಿಗೆ ಬಂದು ಟವೆಲ್ಲಿನ ಮೇಲೆ ಮಲಗಿದ ಕಾಂತರಾಜುವಿಗೆ ಚಿಂತೆ ಹತ್ತಿತು. ಬರುವ ಭಾನುವಾರ ಚನ್ನಬಸವಣ್ಣನವರ ಬೆನ್ನು, ಮೊಳುದ್ದದ ಅಕ್ಷರ. ಇಲ್ಲಿ ಏಳದ ಕಾಲು. ಪಕ್ಕದಲ್ಲಿ ತಾಯಿ ಸುನಂದಮ್ಮ ಅವರೆಕಾಯಿ ಸುಲಿಯುತ್ತಿದ್ದಳು, ಕೂಗಳತೆಯ ಅಡುಗೆಮನೆಯಲ್ಲಿ ಪ್ರಮೀಳಾ ಪಾತ್ರೆ ತೊಳೆಯುತ್ತಿದ್ದಳು.

"ಅವ್ವ, ಕಾಲ್ಮುಂದೆ ಮಾಡ್ಕಂಡು ಉಟ್ಟಿದೋನ್ಗೆ ಬೆನ್ನು ಹೋಗಾದು ಉಂಟಾ?"

ಸುನಂದಮ್ಮ ನಾಲ್ಕು ಕಾಯಿ ಸುಲಿದಳು. ಐದನೆಯದನ್ನು ಮಡಿಲಲ್ಲೇ ಇಟ್ಟುಕೊಂಡು ಹೇಳಿದಳು. "ನೀನು ತಲೆ ಮುಂದೆ ಮಾಡ್ಕಂಡೇ ಉಟ್ಟಿದ್ದು ಕಣಪ್ಪ. ಎಲ್ಲರಂಗೆ. ತಲೆ ದಪ್ಪಗಿತ್ತು, ಅದ್ಕೇ ಚೆನ್ನಾಗಿ ಗೆಪ್ತಿ ಅದೆ."

ಕಾಂತರಾಜು ಮಲಗಿದ್ದಲ್ಲೇ ಬಿದ್ದ. ಮಲಗಿದ್ದವನು ಹೇಗೆ ಬೀಳುತ್ತಾನೆ ಎಂದು ಕೇಳಬೇಡಿ, ಬಿದ್ದ.

"ನಿಂಗಾಗ ಹನ್ನೊಂದೊರ್ಷ. ನಿಮ್ಮ ತಾತ ಸೊಂಟ ಹಿಡ್ಕಂಡು ಮನಗಿತ್ತು. ನಿನ್ನ ಗೋಲಿ ಕಿತ್ತಿಕ್ಕಂಡದೆ ಅಂತ ಸಿಟ್ಟು ಬಂದು ತಾತನ ಬೆನ್ನಿಗೇ ಒದ್ಬುಟ್ಟೆ. ನಿಮ್ಮಪ್ಪ ಬಾರ್ಕೋಲು ತಕ್ಕಂಡು ಬಂದ್ರು. ಅವತ್ತು ನೀನು ಉಳೀತಿರ್ನಿಲ್ಲ. ನಾನು ಅಡ್ಡ ನಿಂತ್ಕಂಡು, ಒಡೀಬ್ಯಾಡಿ, ಕೂಸು ಕಾಲ್ಮುಂದಾಗಿ ಉಟ್ಟಿದ್ದು, ಉಳುಕು ತೆಗಿಯಾಕೆ ಒದ್ದದೆ ಅಂದೆ. ಅಷ್ಟ್ರಲ್ಲಿ ನಿಮ್ಮ ತಾತ ಎದ್ದು ಕೂತ್ಕಬುಡದಾ?"

"ಅಪ್ಪಂಗೆ ಗೊತ್ತಿರ್ನಿಲ್ವಾ ನಾನು ಎಂಗೆ ಉಟ್ಟಿದ್ದು ಅಂತ?"

"ನೀನು ಉಟ್ಟಾಗ ಅವ್ರು ಎತ್ತು ತರಾಕೆ ಪಿರಿಯಾಪಟ್ಟಣಕ್ಕೆ ಹೋಗಿದ್ರು."

"ಆಮೇಲಾದ್ರೂ ನಿಜ ಯೋಳ್ಬೇಕಾಗಿತ್ತು ಅವ್ವ."

"ಮಾರನೇ ದಿನ ಪಕ್ಕದ ಮನೆಯೋರು ಬಂದ್ರು. ಮೂರನೇ ದಿನಕ್ಕೆ ಆಚೆ ಊರೋರು ಬಂದ್ರು. ನೀನು ಆಗ್ಲೇ ಎದೆ ಸೆಟೆಸ್ಕಂಡು ಓಡಾಡ್ತಿದ್ದೆ. ಯಾರ್ಗೆ ಅಂತ ಯೋಳ್ಲಿ?" ಎಂದು ಸುನಂದಮ್ಮ ಐದನೆಯ ಕಾಯಿ ಸುಲಿದಳು.

ಬುಧವಾರದಿಂದ ಕಾಂತರಾಜು ಗೋಡೆ ಹಿಡಿದ. ಬೆಳಿಗ್ಗೆ ಸಂಜೆ ಮನೆಯ ಹೊರಗೋಡೆಗೆ ಬೆನ್ನು ಆನಿಸಿ, ಗದ್ದ ಒಳಕ್ಕೆಳೆದುಕೊಂಡು, ಹೋಗಿಬರುವವರನ್ನೆಲ್ಲ ಒಂದೊಂದಾಗಿ ನೋಡುತ್ತ ನಿಲ್ಲುತ್ತಿದ್ದ. ಈ ಊರಿನಲ್ಲಿ ತನ್ನ ಹೆಸರಿಟ್ಟುಕೊಂಡು ತಿರುಗುವ ಆ ಇನ್ನೊಬ್ಬ ಕಾಂತರಾಜು ಯಾರು ಎಂದು ಪತ್ತೆ ಮಾಡುವುದು ಅವನ ಲೆಕ್ಕ. ನೋಡಿದವರ ಲೆಕ್ಕ ಬೇರೆಯಾಗಿತ್ತು.

"ಹಾರನಹಳ್ಳಿಯೋರು ಬತ್ತಾರೆ ಅಂತ ಗದ್ದ ಹೆಂಗೆ ಮಾಡ್ಕಂಡವ್ನೆ ನೋಡು" ಅಂದರು ಕೆಲವರು.

"ಅಲ್ಲ ಕಣ್ರೋ, ವ್ರತ" ಎಂದು ನಂಜಣ್ಣ ತಿದ್ದಿದ. "ದೊಡ್ಡ ಬೆನ್ನು ಒದಿಯಾಕೆ ಮುಂಚೆ ಕಾಲಿಗೆ ಬಲ ತುಂಬ್ಕತಾವ್ನೆ. ಏಳುವಾಗ ಎಂಟು ಎಣಿಸ್ತಾನೆ, ಕೇಳಿದ್ರಾ? ಎಂಟು ದಿಕ್ಕಿಗೂ ಕೈಮುಗಿದಂಗೆ ಅದು."

ಗುರುವಾರ ಹಾಲಿನ ಡೈರಿಯ ಗೋಡೆಗೆ ನಾಲ್ಕು ಜನ ಆನಿಕೊಂಡು ನಿಂತರು. ಶುಕ್ರವಾರ ಶಾಲೆಯ ಗೋಡೆ ತುಂಬಿತು. ಶನಿವಾರ ಕಟ್ಟೆಮಳಲವಾಡಿಯಲ್ಲಿ ಖಾಲಿ ಗೋಡೆ ಎನ್ನುವುದೇ ಇರಲಿಲ್ಲ. ಗದ್ದ ಒಳಕ್ಕೆಳೆದುಕೊಂಡು ಮಾತಾಡಲಾಗುವುದಿಲ್ಲವಾದ್ದರಿಂದ ಊರಲ್ಲಿ ಎರಡು ದಿನ ಒಂದು ಜಗಳವೂ ಆಗಲಿಲ್ಲ. ವ್ರತಕ್ಕೆ ಶಕ್ತಿ ಇರುವುದು ನಿಜ ಎಂದು ಹೆಂಗಸರು ಅಂದರು.

ಭಾನುವಾರ ಚಾಪೆ ಬಿತ್ತು. ಹತ್ತು ಗಂಟೆಗೆ ಕಾರು ಬಂತು. ಮುಂದಿನ ಬಾಗಿಲಿನಿಂದ ಇಬ್ಬರ ಹೆಗಲು ಹಿಡಿದುಕೊಂಡು ಚನ್ನಬಸವಣ್ಣನವರು ಇಳಿದರು. ಹಿಂದಿನಿಂದ ಒಂದು ಬೋರ್ಡು ಇಳಿಯಿತು. 'ಕಾಲ್ಮುಂದಿನ ಕಾಂತರಾಜು ಒದೆಕಟ್ಟೆ' ಎಂದು ಹಳದಿ ಬಣ್ಣದಲ್ಲಿ, ಮೊಳುದ್ದವೇ. ಕಾಂತರಾಜುವಿನ ಕಣ್ಣು ತುಂಬಿ ಬಂತು. ಬೋರ್ಡಿನ ಹಿಂದಿನಿಂದ ಪ್ರಭುಸ್ವಾಮಿ ಮೇಷ್ಟರು ಇಳಿದರು, ಅವರ ಹಿಂದೆ ಡಾಕ್ಟರ್ ಶಿವಾನಿ. ತುಂಬಿದ ಕಣ್ಣು ಅಲ್ಲೇ ಒಣಗಿತು.

"ಇವರು ನನ್ನ ತಂಗಿ ಗಂಡ, ಇವಳು ಅವರ ಮಗಳು" ಎಂದು ಚನ್ನಬಸವಣ್ಣ ನರಳುತ್ತ ಪರಿಚಯ ಹೇಳಿದರು. "ಇವಳೂ ಬೆನ್ನಿನ ಡಾಕ್ಟ್ರೇ. ನಾನು ಎತ್ತಿ ಆಡಿಸಿದ ಕೂಸಿನ ಕೈಲಿ ಬೆನ್ನು ಮುರಿಸ್ಕೊಂಡ್ರೆ ನಾಳೆ ಅವಳ ಮುಂದೆ ನನ್ನ ದೊಡ್ಡಸ್ತಿಕೆ ಉಳೀತದಾ?"

"ಮಾವನಿಗೆ ನನ್ನ ಕೈ ಬೇಡವಂತೆ, ನಿಮ್ಮ ಕಾಲು ಆಗಬಹುದಂತೆ. ಹೇಗೆ ಅಂತ ನೋಡೋಣ ಅಂತ ಬಂದೆ" ಅಂದಳು ಶಿವಾನಿ. ಅವಳು ಕಾಂತರಾಜುವಿನ ಮುಖ ನೋಡಲಿಲ್ಲ, ಸೊಂಟ ನೋಡಿದಳು. ಒಂದು ಹುಬ್ಬು ಮೇಲೆ ಹೋಯಿತು.

ಪ್ರಭುಸ್ವಾಮಿಯವರು ಕನ್ನಡಕ ಸರಿ ಮಾಡಿಕೊಂಡರು. "ಓ, ಕೋಟೆ ಮೂರ್ತಿ ಅವರು. ನೀವೂ ಒದೆಸಿಕೊಳ್ಳೋಕೆ ಬಂದ್ರಾ? ಒದೆಯೋ ಸಹವಾಸನೇ ಬೇಡ ಅಂದಿದ್ದಳಲ್ಲ ಇವಳು."

ಸಾಲು ಪಿಸುಗುಟ್ಟಿತು. ಕಾಂತರಾಜುವಿನ ಮೂವತ್ತೈದು ವರ್ಷದ ಹೆಸರು ಕಾರಿನ ಚಕ್ರದ ಕೆಳಗೆ ತಲೆ ಇಟ್ಟಿತು. ಅಷ್ಟರಲ್ಲಿ ನೀರಿನ ಡ್ರಮ್ಮಿನ ಹಿಂದೆ ಅವಿತು ಕೂರಲು ಹೋಗಿ ಬೆನ್ನು ಅರ್ಧಕ್ಕೇ ಹಿಡಿದುಕೊಂಡು ನಿಂತಿದ್ದ ನಂಜಣ್ಣ ಮೇಷ್ಟರ ಕಣ್ಣಿಗೆ ಬಿದ್ದ.

"ಅಲ್ಲಿದಾರೆ ಕಾಂತರಾಜು ಅವರು. ನಮಸ್ಕಾರ. ನಾಲ್ಕನೇ ಮೂಳೆ ಹೇಗಿದೆ?"

ಊರೆಲ್ಲ ಗೊಳ್ಳೆಂದು ನಕ್ಕಿತು. ಸಾಲಿನಲ್ಲಿದ್ದ ಯಾರೋ, "ಅಲ್ಲ ಸ್ವಾಮಿ, ಇವ್ನು ಕಾಂತರಾಜು. ಅವ್ನು ನಂಜಣ್ಣ" ಅಂದರು.

"ಮೂವತ್ತಾರು ವರ್ಷ ಹಾಜರಿ ಕರೆದವನು ನಾನು. ಹೆಸರು ತಪ್ಪೋದಿಲ್ಲ. ಇವರು ಮೂರ್ತಿ, ಅರಣ್ಯ ಇಲಾಖೆ, ಆನೆ ವಿಭಾಗ. ಅವರು ಕಾಂತರಾಜು."

ನಗು ಇಮ್ಮಡಿಯಾಯಿತು. ಯಜಮಾನರಿಗೆ ಬಿಸಿಲು ಹೊಡೆದಿದೆ, ಮಜ್ಜಿಗೆ ಕೊಡಿ ಅಂದರು. ಮೇಷ್ಟರು ಹೇಳಿದ್ದು ಅಷ್ಟೂ ನಿಜವಾಗಿದ್ದರಿಂದ ಅದನ್ನು ಒಬ್ಬರೂ ನಂಬಲಿಲ್ಲ. ಶಿವಾನಿಯೊಬ್ಬಳಿಗೆ ಎಲ್ಲ ಅರ್ಥವಾಯಿತು. ರೋಗಿಗಳ ಗುಟ್ಟು ಹೊರಗೆ ಬಿಡಬಾರದೆಂದು ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮಜ್ಜಿಗೆಯ ಗಲಾಟೆಯಲ್ಲಿ ಕಾಂತರಾಜು ಡ್ರ‌ಮ್ಮಿನ ಹತ್ತಿರ ಹೋಗಿ ಹಲ್ಲು ಕಚ್ಚಿ ಕೇಳಿದ. "ಏಳು ತಿಂಗ್ಳು ನನ್ನ ಎಸ್ರಲ್ಲಿ ಬೆನ್ನು ತಿದ್ದಿಸ್ಕಂಡಿದೀಯಲ್ಲೋ ನಂಜ. ಬ್ಯಾರೆ ಎಸ್ರು ಸಿಗ್ನಿಲ್ವಾ?"

"ಅವ್ರು ಎಸ್ರು ಕೇಳುದ್ರು. ಬೆನ್ನು ಅಂದ ತಕ್ಷಣ ನಿನ್ನೆಸ್ರೇ ಬಾಯಿಗೆ ಬಂತು ಕಣ್ಲಾ" ಅಂದ ನಂಜಣ್ಣ. ಇದನ್ನು ಹೊಗಳಿಕೆ ಎಂದು ತೆಗೆದುಕೊಳ್ಳಬೇಕೋ ಬೈಯಬೇಕೋ ಕಾಂತರಾಜುವಿಗೆ ತಿಳಿಯಲಿಲ್ಲ. "ನೀನು ಯಾಕೆ ಹೋಗಿದ್ದೆ ಅಂತ ನಾನು ಕೇಳಕ್ಕಿಲ್ಲ, ಬುಡು."

ಚನ್ನಬಸವಣ್ಣನವರು ಚಾಪೆಯ ಮೇಲೆ ಬೋರಲು ಬಿದ್ದಿದ್ದರು. "ಬೇಗ ಒದೀರಪ್ಪ" ಅಂದರು. ಕಾಂತರಾಜು ಮೂರು ಸುತ್ತು ಬಂದ. ಒಂದು ಕಡೆ ಶಿವಾನಿ ಮೂರು ಬೆರಳು ತೋರಿಸುತ್ತಿದ್ದಳು, ಮೂರು ತಿಂಗಳು. ಇನ್ನೊಂದು ಕಡೆ ಬೋರ್ಡು ಬಿಸಿಲಿಗೆ ಹೊಳೆಯುತ್ತಿತ್ತು, ಮೊಳುದ್ದ. ಬೆರಳು ನೋಡಿದ, ಬೋರ್ಡು ನೋಡಿದ. ಬಲಗಾಲೆತ್ತಿದ.

ಕಾಲು ಮೇಲೆ ಹೋಯಿತು. ಕೆಳಗೆ ಬರಲಿಲ್ಲ. ಪೇಸ್ಟಿನ ಮುಚ್ಚಳದ ದಿನದ ಅಗಳಿ ಮತ್ತೆ ಜಡಿಯಿತು. ಚನ್ನಬಸವಣ್ಣನವರ ಬೆನ್ನಿಗೆ ಎರಡಡಿ ಮೇಲೆ ಕಾಂತರಾಜುವಿನ ಕಾಲು ಗಾಳಿಯಲ್ಲಿ ನಿಂತುಬಿಟ್ಟಿತು. ಒಂದು ನಿಮಿಷವಾಯಿತು. ಕಾಗೆಯೊಂದು ಬಂದು ಆ ಕಾಲ ಮೇಲೆ ಕೂರಲೋ ಬೇಡವೋ ಎಂದು ಯೋಚಿಸಿ ಹೋಯಿತು. ವ್ರತದ ಪ್ರಭಾವ ಎಂದು ಸಾಲಿನವರು ಕೈಮುಗಿದರು.

"ಯಾಕಪ್ಪ, ಇನ್ನೂ ಬರ್ಲಿಲ್ಲ?" ಎಂದು ಕೆಳಗಿನಿಂದ ಚನ್ನಬಸವಣ್ಣ ಕೇಳಿದರು.

"ಬತ್ತಾ ಅದೆ" ಅಂದ ಕಾಂತರಾಜು. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

ಆಗ ಬಾಗಿಲಿನಿಂದ ಪ್ರಮೀಳಾ ಈಚೆಗೆ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಗಂಡನ ಸುತ್ತ ಒಂದು ಸುತ್ತು ಬಂದಳು. ಸಾಲಿನ ಕಡೆ ತಿರುಗಿದಳು.

"ಇಷ್ಟು ದಿನ ಯೋಳಿರ್ನಿಲ್ಲ, ಈಗ ಯೋಳ್ತೀನಿ. ನಾನೂ ಕಾಲ್ಮುಂದೆ ಉಟ್ಟೋಳೇ. ಯೋಳಿದ್ರೆ ಮದ್ವೆ ಆಗಕ್ಕಿಲ್ಲ ಅಂತ ಚುಂಚನಕಟ್ಟೇಲಿ ನಮ್ಮವ್ವ ಬಾಯಿ ಕಟ್ಟಿತ್ತು. ಒಂದೇ ಮನೇಲಿ ಇಬ್ರು ಕಾಲ್ಮುಂದಿನೋರು ಇದ್ರೆ ಒಬ್ರ ಕಾಲಿನ ಬಲ ಇನ್ನೊಬ್ರ ಕಾಲಿಗೆ ಇಳೀತದೆ. ಇವರ ಬಲ ಇವತ್ತಿಗೆ ಪೂರ್ತಿ ನಂಗೆ ಇಳೀತು. ಅದ್ಕೇ ಇವರ ಕಾಲು ಇಳೀತಿಲ್ಲ."

ಯಾರಾದರೂ ಏನಾದರೂ ಕೇಳುವ ಮೊದಲೇ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಗಂಡನ ಹಿಂಬದಿಗೆ ಒಂದು ಒದೆ ಕೊಟ್ಟಳು. ಇಪ್ಪತ್ತೆರಡು ವರ್ಷದಿಂದ ಕೂಡಿಟ್ಟಿದ್ದ ಒದೆ. ಲಟಕ್ ಎಂದಿತು. ಕಾಂತರಾಜು ಎರಡು ಕೈ ಚಾಚಿಕೊಂಡು ಹಾರಿ, ಚನ್ನಬಸವಣ್ಣನವರನ್ನು ದಾಟಿ, ಬೋರ್ಡಿನ ಬುಡದಲ್ಲಿ ಬಿದ್ದ. ನೆರಿಗೆ ಸಿಕ್ಕಿಸಿದ ಹೆಣ್ಣುಮಗಳ ಕಾಲು ಕಂಡು, ಮುಂದಿನ ಸರದಿ ತಮ್ಮದೆಂದು ಹೆದರಿ, ತಿಂಗಳಿಂದ ನೆಟ್ಟಗೆ ಏಳದಿದ್ದ ಚನ್ನಬಸವಣ್ಣನವರು ಎದ್ದು ನಿಂತರು. ನಿಂತವರು ಕಾರಿನವರೆಗೆ ಓಡಿದರು. ಓಡಿದ ಮೇಲೆ ಸೊಂಟ ಮುಟ್ಟಿ ನೋಡಿಕೊಂಡರು.

"ಹೋಯ್ತು ಕಣ್ರೀ" ಅಂದರು. "ಒದೆಯೋಕೆ ಮುಂಚೆನೇ ಹೋಯ್ತು. ಕಟ್ಟೆ ಕಟ್ಟಿಸ್ತೀನಿ. ಬೋರ್ಡು ಇಲ್ಲೇ ಇರ್ಲಿ."

ಸಾಲು ಜೈಕಾರ ಹಾಕಿ ಪ್ರಮೀಳಾಳ ಕಡೆ ನುಗ್ಗಿತು. ಅವಳು ನೆರಿಗೆ ಇಳಿಬಿಟ್ಟಳು. "ಊರೋರ ಬೆನ್ನೆಲ್ಲ ನಂಗ್ಯಾಕೆ? ನಂಗೆ ಬರ್ಕೊಟ್ಟಿರೋದು ಒಂದೇ ಬೆನ್ನು. ಮಿಕ್ಕೋರು ಈ ಡಾಕ್ಟ್ರಮ್ಮನ್ನ ಕೇಳ್ಕಳಿ" ಎಂದು ಒಳಗೆ ಹೋದಳು.

ಶಿವಾನಿ ಬಿದ್ದವನ ಹತ್ತಿರ ಕೂತು ಬೆನ್ನಿನ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದಳು. "ಹೆದರಿಕೆಗೆ ಹಿಡಿತ ಬಿಟ್ಟಿದೆ, ಅಷ್ಟೇ. ಇಬ್ಬರದೂ. ಇದು ವಾಸಿ ಅಲ್ಲ. ನಮ್ಮ ಮಾವನನ್ನ ನಾನು ಹೇಗಾದರೂ ಮಾಡಿ ಮೆಟ್ಟಿಲು ಹತ್ತಿಸ್ತೀನಿ. ನೀವು ಗುರುವಾರ ಬನ್ನಿ. ಇನ್ನು ಇಲ್ಲಿ ಯಾರನ್ನೂ ಒದೀಬೇಡಿ, ಗೋಡೆಗೆ ನಿಲ್ಲಿಸಿ. ಕಾಲು ಜೋಮು ಹಿಡಿದವರು, ಜ್ವರ ಇರೋರು ಬಂದರೆ ಆಸ್ಪತ್ರೆಗೆ ಕಳಿಸಿ."

ಆ ಮಧ್ಯಾಹ್ನ ಕಾಂತರಾಜು ನಡುಮನೆಯಲ್ಲಿ ಟವೆಲ್ಲಿನ ಮೇಲೆ ಮಲಗಿದ್ದ. ಹೆಸರು ಉಳಿದಿತ್ತು. ಬೋರ್ಡು ಹೊರಗೆ ಗೋಡೆಗೆ ಒರಗಿತ್ತು, ಅದೂ ಬೆನ್ನು ನೇರ ಮಾಡಿಕೊಂಡ ಹಾಗೆ. ಅಡುಗೆಮನೆಯಿಂದ ಅತ್ತೆಸೊಸೆಯರ ಮಾತು ಕೇಳಿಸಿತು.

"ನಿಜವಾಗ್ಲೂ ಕಾಲ್ಮುಂದೆ ಉಟ್ಟಿದ್ದಾ ಮಗ ನೀನು?" ಎಂದು ಸುನಂದಮ್ಮ ಕೇಳಿದಳು.

"ನಿಮ್ಮ ಮಗ ಕಾಲ್ಮುಂದೆ ಉಟ್ಟಿದ್ದು ಎಷ್ಟು ನಿಜವೋ ಅಷ್ಟೇ ನಿಜ ಅತ್ತೆ."

ಇಬ್ಬರೂ ಪಾತ್ರೆಗಳು ಅಲುಗುವ ಹಾಗೆ ನಕ್ಕರು. ತಾಯಿ ಏಟು ತಪ್ಪಿಸಲು ಹೇಳಿದ ಸುಳ್ಳನ್ನೇ ಹೆಂಡತಿ ಏಟು ಕೊಡಲು ಹೇಳಿದ್ದಳು. ಕಾಂತರಾಜುವಿಗೆ ಬ್ರಹ್ಮಾಂಡ ಕೋಪ ಬಂತು. ಎದ್ದು ಹೋಗಿ ಇಬ್ಬರಿಗೂ ಬುದ್ಧಿ ಹೇಳಬೇಕೆಂದು ಮಗ್ಗುಲಿಗೆ ಹೊರಳಿದ, ಕೈ ಊರಿದ, ಎಣಿಸತೊಡಗಿದ. ಮೂರಕ್ಕೆ ಕೋಪ ಅರ್ಧವಾಯಿತು. ಐದಕ್ಕೆ ಆ ಒದೆ ಬೀಳದಿದ್ದರೆ ತಾನು ಇಷ್ಟು ಹೊತ್ತಿಗೂ ಒಂಟಿಗಾಲಲ್ಲಿ ಇರುತ್ತಿದ್ದದ್ದು ನೆನಪಾಯಿತು. ಎಂಟಕ್ಕೆ ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಕಾಫಿ ಅದಾ?" ಅಂದ.

"ಅದೆ. ಬಗ್ಗಬ್ಯಾಡಿ, ನಾನೇ ಕೊಡ್ತೀನಿ" ಅಂದಳು ಪ್ರಮೀಳಾ.

ಗುರುವಾರ ಅವನು ಮಂಕಿ ಕ್ಯಾಪು ಹಾಕಿಕೊಳ್ಳಲಿಲ್ಲ. ಮೊಳುದ್ದದ ಅಕ್ಷರ ಇರುವವನು ಇನ್ನು ಮುಖ ಮುಚ್ಚಿಕೊಳ್ಳುವುದೇನು, ಬೆನ್ನಿಗೆ ಹೇಳಿದ ಸುಳ್ಳುಗಳು ಸಾಕು ಎಂದು ತೀರ್ಮಾನಿಸಿ, ಇಪ್ಪತ್ತಾರು ಮೆಟ್ಟಿಲನ್ನು ಗದ್ದ ಒಳಗೆಳೆದುಕೊಂಡೇ ಹತ್ತಿದ. ಪ್ರಭುಸ್ವಾಮಿ ಮೇಷ್ಟರು ಹಾಜರಿ ಪುಸ್ತಕ ತೆರೆದರು.

"ಹೆಸರು?"

"ಕಾಂತರಾಜು" ಅಂದ, ಇಡೀ ಕೋಣೆಗೆ ಕೇಳುವ ಹಾಗೆ. "ಕಟ್ಟೆಮಳಲವಾಡಿ ಕಾಂತರಾಜು."

ಮೇಷ್ಟರು ಪುಸ್ತಕದ ಮೇಲೆ ಬೆರಳು ಓಡಿಸಿ, ಕನ್ನಡಕದ ಮೇಲಿಂದ ಅವನನ್ನು ನೋಡಿದರು.

"ಆ ಹೆಸರಲ್ಲಿ ಆಗಲೇ ಒಬ್ಬರು ಇದಾರೆ. ಅವರ ಬೆನ್ನು ಈಗೀಗ ಸುಧಾರಿಸ್ತಾ ಇದೆ. ನೀವು ಮಧ್ಯೆ ಸೇರಿಕೊಂಡು ಯಾಕೆ ಕೆಡಿಸ್ತೀರಿ? ಕೂತ್ಕೊಳ್ಳಿ ಮೂರ್ತಿ. ಆನೆಮರಿಗಳೆಲ್ಲ ಕ್ಷೇಮ ತಾನೆ?"

ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಾಂತರಾಜು ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿದ.

"ಕ್ಷೇಮ ಸ್ವಾಮಿ" ಎಂದು, ಬೆನ್ನು ನೇರ ಮಾಡಿಕೊಂಡು ಮೂರ್ತಿಯ ಜಾಗದಲ್ಲಿ ಕೂತ.